ಒಂದೇ ಊರಿನ ಎರಡು ನಿಲ್ದಾಣ

ನೀರೆತ್ತುವ ಪಂಪುಗಳನ್ನು ಮಾರುತ್ತ ಹದಿನೆಂಟು ವರ್ಷ ವಿಮಾನದಲ್ಲಿ ಊರೂರು ಸುತ್ತಿದವನನ್ನು ಮನೆಯ ಮಕ್ಕಳೆಲ್ಲ ಮೈಲಿ ಮಾಮ ಎಂದೇ ಕರೆಯುತ್ತಿದ್ದರು. ಹಾರಿದಷ್ಟೂ ವಿಮಾನದ ಕಂಪನಿ ಅವನ ಖಾತೆಗೆ ಮೈಲಿ ಸೇರಿಸುತ್ತಿತ್ತು. ಕೂಡಿಟ್ಟ ಮೈಲಿಗೆ ಬಿಟ್ಟಿ ಟಿಕೆಟ್ಟು. ಆದರೆ ಮಾಮ ಸುಮ್ಮಸುಮ್ಮನೆ ಕೈ ಬಿಚ್ಚುವ ಆಸಾಮಿಯಲ್ಲ. ಒಂದೊಂದು ಮೈಲಿಗೂ ಪೂರ್ತಿ ಫಾಯಿದೆ ಸಿಗದಿದ್ದರೆ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಅದೇ ಪುರಾಣ, ಕೇಳುವವರು ಆಕಳಿಸಿದರೂ ಬಿಡುತ್ತಿರಲಿಲ್ಲ.

ಅವನ ಅಕ್ಕನ ಮಗಳು ಕಡಲಾಚೆ, ಹಲ್ಲಿನ ಸೆಟ್ಟು ಮಾಡುವ ಕಡೆ ಕೆಲಸಕ್ಕಿದ್ದಳು, ಒಂಟಿಯಾಗಿ. ಹೊಟ್ಟೆಯಲ್ಲಿ ಗಡ್ಡೆ; ನಾಳೆ ಬೆಳಗ್ಗೆಯೇ ಆಪರೇಷನ್. ಇನ್ನೊಂದು ದಿನವೂ ತಡ ಮಾಡುವಂತಿಲ್ಲ ಎಂದು ಡಾಕ್ಟರು ಹೇಳಿದ್ದರೂ, ಅಮ್ಮ ವಿಮಾನ ಹತ್ತುವ ತನಕ ಒಪ್ಪಿಗೆ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದು ಹುಡುಗಿ ಹಟ ಹಿಡಿದಿದ್ದಳು. ಅಕ್ಕ ಹೊಲಿಗೆಯವಳು, ವಿಮಾನವನ್ನು ಆಕಾಶದಲ್ಲಿ ಬಿಟ್ಟು ಬೇರೆಲ್ಲೂ ಕಂಡವಳಲ್ಲ. ಎಂದಾದರೂ ಮಗಳನ್ನು ನೋಡಿ ಬರಬೇಕೆಂದು ಆ ದೇಶದ ವೀಸಾ ಮಾತ್ರ ಮಾಡಿಸಿಟ್ಟುಕೊಂಡಿದ್ದಳು. ಟಿಕೆಟ್ಟಿಗೆ ತಮ್ಮನನ್ನೇ ನಂಬಿದಳು.

ಇವತ್ತಿನ ನೇರ ವಿಮಾನದಲ್ಲಿ ನಿನ್ನೆ ನಾಲ್ಕು ಸೀಟಿದ್ದವು, ಅರವತ್ತು ಸಾವಿರ ಮೈಲಿಗೆ. ಮಾಮನ ಬೆರಳು ಅಲ್ಲಿಯವರೆಗೂ ಹೋಗಿ ಹಿಂದೆ ಬಂತು. ಮತ್ತೂ ಹುಡುಕಿದ. ನಡುವೆ ಬೇರೊಂದು ದೇಶದ ಊರಿನಲ್ಲಿ ವಿಮಾನ ಬದಲಿಸಿದರೆ ಇಪ್ಪತ್ತೆಂಟೇ ಸಾವಿರ, ಆಪರೇಷನ್ ಮುಗಿಯುವಷ್ಟರಲ್ಲಿ ತಲುಪಿಯೂ ಆಗುತ್ತದೆ, ಉಳಿದದ್ದರಲ್ಲಿ ವಾಪಸ್ಸೂ ಬರಬಹುದು. ನಿಧಿ ಸಿಕ್ಕವನಂತೆ ಒತ್ತಿಬಿಟ್ಟ.

ವಿಮಾನ ನಿಲ್ದಾಣದ ಕೌಂಟರಿನ ಹುಡುಗಿ ಅಕ್ಕನ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ಹಾಕಿದಳು.

"ಇವರು ಇಳಿಯೋದು ಒಂದು ನಿಲ್ದಾಣದಲ್ಲಿ ಸರ್, ಮುಂದಿನ ವಿಮಾನ ಇರೋದು ಅದೇ ಊರಿನ ಇನ್ನೊಂದು ನಿಲ್ದಾಣದಲ್ಲಿ. ಹೊರಗೆ ಬಂದು ಹೋಗಬೇಕು. ಅದಕ್ಕೆ ನಡುವಿನ ಆ ದೇಶದ ವೀಸಾನೂ ಬೇಕು, ಅದೆಲ್ಲಿ?"

ಮಾಮ ಊರಿನ ಹೆಸರು ನೋಡಿದ್ದ, ನಿಲ್ದಾಣದ ಹೆಸರು ನೋಡಿರಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವವನಿಗೆ ಅಷ್ಟು ಕಾಣದೆ ಹೋಯಿತು. ಇದ್ದಬದ್ದ ಮೈಲಿಯೆಲ್ಲ ತೆಗೆದುಕೊಳ್ಳಿ, ಮೇಲೆ ಎಷ್ಟಾದರೂ ಕಟ್ಟುತ್ತೇನೆ, ನೇರ ವಿಮಾನಕ್ಕೆ ಹಾಕಿ ಎಂದು ಅಂಗಲಾಚಿದ. ಅದರಲ್ಲಾಗಲಿ ಬೇರೆ ದಾರಿಯಲ್ಲಾಗಲಿ ಒಂದು ಸೀಟೂ ಉಳಿದಿರಲಿಲ್ಲ. ಮತ್ತೆ ನೇರ ವಿಮಾನ ನಾಡಿದ್ದೇ. ಪಾಪ, ಯಾರಾದರೂ ಬಾರದಿದ್ದರೆ ನೋಡೋಣವೆಂದು ಆ ಹುಡುಗಿ ಅಕ್ಕನ ಹೆಸರನ್ನು ಬರೆದುಕೊಂಡಳು.

ಮುಂದಿನ ಮುಕ್ಕಾಲು ಗಂಟೆ ಮಾಮ ಬಾಗಿಲನ್ನೇ ನೋಡುತ್ತ ನಿಂತ. ಯಾರಿಗೂ ಕೇಡು ಬಯಸಿದವನಲ್ಲ. ಈಗ ಪೆಟ್ಟಿಗೆ ಎಳೆದುಕೊಂಡು ಬರುವ ಪ್ರತಿಯೊಬ್ಬರ ಕಾಲೂ ಉಳುಕಲಿ ಎಂದು ಹಾರೈಸಿದ. ಕೊನೆಗೆ, ಕಂಕುಳಲ್ಲಿ ಕೂಸು ಇಟ್ಟುಕೊಂಡ ಹೆಂಗಸೊಬ್ಬಳು ಏದುಸಿರು ಬಿಡುತ್ತ ಬಂದಳು. ಅವಳನ್ನು ಒಳಗೆ ಕಳಿಸಿ ಕೌಂಟರು ಮುಚ್ಚಿದರು.

ಅಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಮಗಳು. ತಪ್ಪು ತನ್ನದೆಂದು ತಾನೇ ಹೇಳಿಬಿಡೋಣವೆಂದು ಮಾಮ ಕೈ ಚಾಚಿದ. ಅಕ್ಕ ಆ ಕೈಯನ್ನು ಸರಿಸಿದಳು.

"ಹತ್ತಿದೀನಿ ಕಣೇ," ಎಂದಳು. "ಕಿಟಕಿ ಪಕ್ಕದಲ್ಲೇ ಕೂತಿದೀನಿ. ನಿನ್ನ ಮಾಮ ನೋಡಿ ನೋಡಿ ಒಳ್ಳೇ ಸೀಟು ಕೊಡಿಸಿದಾನೆ. ನೀನು ಸೈನ್ ಹಾಕಿ ಧೈರ್ಯವಾಗಿ ಒಳಗೆ ಹೋಗು, ಎಚ್ಚರ ಆಗೋ ಹೊತ್ತಿಗೆ ನಾನು ಬಂದಿರ್ತೀನಿ. ಇಗೋ, ಫೋನ್ ಆಫ್ ಮಾಡಿ ಅಂತಿದಾರೆ."

ನಿಜಕ್ಕೂ ಆಫ್ ಮಾಡಿದಳು. ತಮ್ಮನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಪೆಟ್ಟಿಗೆಯ ಮೇಲೆ ಕುಳಿತು, ಫೋನನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು.

"ಇನ್ನು ನಾಳೆ ತನಕ ಇದನ್ನ ಆನ್ ಮಾಡೋ ಹಾಗಿಲ್ಲ ಕಣೋ," ಎಂದಳು. "ಅವಳು ಹೆದರಿ ಫೋನ್ ಮಾಡಿದ್ರೂ ನಾನು ಎತ್ತೋ ಹಾಗಿಲ್ಲ."