ಲಿಟಲ್ ಆಗ್ನೆಸ್‌ನಿಂದ ಬಂದ ಕರೆ

ಮೊಬೈಲು ಮತ್ತೆ ಗುರುಗುಟ್ಟಿದಾಗ ವಾಸಂತಿ ಸಾರಿಗೆ ಒಗ್ಗರಣೆ ಹಾಕುತ್ತಿದ್ದಳು. ಸೌಟು ಕೆಳಗಿಟ್ಟು ಬಗ್ಗಿ ನೋಡಿದಳು. ಹೆಸರಿಲ್ಲ. ಪ್ಲಸ್ ಒಂದರಿಂದ ಶುರುವಾಗುವ ಅದೇ ಉದ್ದನೆಯ ನಂಬರು. ಶನಿವಾರದಿಂದ ಅದು ಬಿಟ್ಟೂ ಬಿಡದೆ ಬರುತ್ತಿತ್ತು. ಇವಳೂ ಬಿಡದೆ ಕತ್ತರಿಸುತ್ತಿದ್ದಳು.

ಮಲೇಷ್ಯಾದ ಪೆನಾಂಗ್ ದ್ವೀಪದಲ್ಲಿ, ಬಯಾನ್ ಲೆಪಾಸ್‌ನ ಆ ಕಾಂಡೋ ಕಟ್ಟಡದಲ್ಲಿ ಗುರುತಿಲ್ಲದ ನಂಬರನ್ನು ಯಾರೂ ಎತ್ತುವುದಿಲ್ಲ. ಪೊಲೀಸರ ಹೆಸರಿನಲ್ಲಿ, ಕೋರ್ಟಿನ ಹೆಸರಿನಲ್ಲಿ, ಪಾರ್ಸೆಲ್ ಕಂಪನಿಯ ಹೆಸರಿನಲ್ಲಿ ಫೋನು ಮಾಡಿ ಜನರ ಖಾತೆ ಗುಡಿಸಿ ಹಾಕುವವರ ಕಥೆ ಲಿಫ್ಟಿನಲ್ಲಿ ದಿನಕ್ಕೊಂದು ಸಿಗುತ್ತಿತ್ತು. ಕೇಳಿ ಕೇಳಿ ವಾಸಂತಿಗೆ ಫೋನು ಎಂದರೇ ಎದೆ ಡವಗುಟ್ಟುತ್ತಿತ್ತು. ಒಲೆ ಆರಿಸಿ, ಏಳನೇ ಮಹಡಿಯ ಚಂಪಾಗೆ ನಂಬರಿನ ಫೋಟೊ ಕಳಿಸಿದಳು. ಚಂಪಾ ಬೆಂಗಳೂರಿನವಳು, ಬ್ಯಾಂಕೊಂದರ ಸಾಫ್ಟ್‌ವೇರ್ ನೋಡಿಕೊಳ್ಳುವವಳು. ಇಂಥ ವಿಷಯದಲ್ಲಿ ಇಡೀ ಕಟ್ಟಡದ ಕನ್ನಡದವರಿಗೆ ಅವಳ ಮಾತೇ ಕೊನೆಯ ಮಾತು. ತಕ್ಷಣ ವಾಯ್ಸ್ ಮೆಸೇಜು ಬಂತು, ಇಲ್ಲಿಯವರ ಹಾಗೆ ಮಾತಿನ ಕೊನೆಗೊಂದು ‘ಲಾ’ ಹಚ್ಚಿ.

“ಆಂಟಿ, ಅದು ಮಿಸ್ಡ್ ಕಾಲ್ ಸ್ಕ್ಯಾಮ್ ಲಾ. ನೀವು ವಾಪಸ್ ಮಾಡಿದ್ರೋ, ಬಿಲ್ ನೋಡಿ ಅಂಕಲ್ ಎದೆ ಹಿಡ್ಕೊಂಡು ಕೂತ್ಕೋತಾರೆ. ಬ್ಲಾಕ್ ಮಾಡಿ ಹಾಯಾಗಿರಿ. ಅಕಸ್ಮಾತ್ ಎತ್ತಿದ್ರೂ ನಿಮ್ಮ ಹೆಸರು ಹೇಳ್ಬೇಡಿ, ಮಗಳ ಹೆಸರಂತೂ ಬೇಡ್ವೇ ಬೇಡ. ಅವರೇ ಮೊದ್ಲು ಬಾಯಿ ಬಿಡ್ಲಿ.”

ವಾಸಂತಿ ಬ್ಲಾಕ್ ಮಾಡಿದಳು. ಬಾಗಿಲಿಗೆ ಚಿಲಕ ಹಾಕಿದಷ್ಟು ನೆಮ್ಮದಿಯಾಯಿತು.

ಆ ನೆಮ್ಮದಿ ಗಂಡ ಬರುವವರೆಗೆ ಮಾತ್ರ. ವಿಠಲ ಕಾರ್ಖಾನೆಯಿಂದ ಬರುತ್ತ ಮಾಮಕ್ ಹೋಟೆಲಿನಿಂದ ಊಟಕ್ಕೆ ರೋಟಿ ಚನಾಯ್ ತಪೌ ಮಾಡಿಸಿ, ಕಟ್ಟಿಸಿಕೊಂಡು ಬಂದಿದ್ದ. ಪೊಟ್ಟಣ ಮೇಜಿನ ಮೇಲಿಟ್ಟು, ಶೂ ಬಿಚ್ಚುತ್ತ, ಅಷ್ಟೇನೂ ಹಗುರವಲ್ಲದ ದನಿಯಲ್ಲಿ ಕೇಳಿದ.

“ಇಂಚರ ಮೆಸೇಜ್ ಏನಾದ್ರೂ ಹಾಕಿದ್ಲಾ?”

“ಶುಕ್ರವಾರದ್ದೇ ಕೊನೆ. ನಾನು ಕಳಿಸಿದ್ದಕ್ಕೆಲ್ಲ ಒಂದೇ ಟಿಕ್ಕು.”

“ನೆಟ್‌ವರ್ಕ್ ಇರಲ್ಲ ಕಣೇ. ಆ ದ್ವೀಪ ನಮ್ಮ ಪೆನಾಂಗ್‌ನ ಒಂದು ಮೂಲೆಯಷ್ಟೂ ಇಲ್ಲ.”

“ಅವಳು ಹೋದಾಗಿಂದ್ಲೂ ಅಲ್ಲಿ ನೆಟ್‌ವರ್ಕ್ ಇಲ್ಲ ತಾನೆ. ಆದ್ರೂ ಶುಕ್ರವಾರದ ತನಕ ದಿನಾ ಮಾತಾಡ್ತಿದ್ಲಲ್ಲ.”

ಅವರ ಮಗಳು ಇಂಚರ ಕಾಲೇಜಿನಲ್ಲಿ ಸಮುದ್ರಜೀವಶಾಸ್ತ್ರ ಓದುತ್ತಿದ್ದಳು. ಕಡಲಾಮೆಗಳು ಮೊಟ್ಟೆಯಿಡುವುದನ್ನು ನೋಡಲು ಸಹಪಾಠಿಗಳ ಜೊತೆ ಕೆರಿಬಿಯನ್ ಸಮುದ್ರದ ಲಿಟಲ್ ಆಗ್ನೆಸ್ ಎಂಬ ಪುಟ್ಟ ದ್ವೀಪಕ್ಕೆ ಹೋಗಿದ್ದಳು. ಇಲ್ಲಿ ಸಂಜೆಯಾದರೆ ಅಲ್ಲಿ ಬೆಳಗ್ಗೆ. ಅವಳು ಮಾತಾಡುತ್ತಿದ್ದುದು ಗೆಸ್ಟ್‌ಹೌಸಿನ ಜಗುಲಿಯ ವೈಫೈ ಹಿಡಿದು, ವಾಟ್ಸಾಪಿನಲ್ಲಿ, ತನ್ನ ಮಲೇಷ್ಯಾ ನಂಬರಿನಿಂದಲೇ. ಆ ದ್ವೀಪಕ್ಕೂ ತನ್ನದೇ ಒಂದು ನಂಬರು ಇರುತ್ತದೆಂಬುದು ವಾಸಂತಿಗೆ ಹೊಳೆದಿರಲೇ ಇಲ್ಲ.

ಈಗಲೂ ಹೊಳೆಯಲಿಲ್ಲ. ಹುಡುಗಿ ನೀರಿಗೆ ಬಿದ್ದಿರಬಹುದು, ಯಾರೋ ಎಳೆದುಕೊಂಡು ಹೋಗಿರಬಹುದು, ಎಂದು ಕಣ್ಣಿಗೆ ಏನೇನೋ ಕಟ್ಟಿತು. ಕಾಲೇಜಿನವರು ಕಳಿಸಿದ್ದ ಮಾಹಿತಿಯಲ್ಲಿ ಗೆಸ್ಟ್‌ಹೌಸಿನ ನಂಬರು ಇತ್ತೆಂದು ನೆನಪಾಗಿ, ಹುಡುಕಿ, ಒಂದೊಂದೇ ಅಂಕಿ ಒತ್ತಿದಳು. ಕೊನೆಯ ಅಂಕಿ ಒತ್ತಿದ ಕೂಡಲೇ ಪರದೆಯಲ್ಲಿ ಒಂದು ಸಾಲು ಮೂಡಿತು: ಈ ನಂಬರನ್ನು ನೀವು ಬ್ಲಾಕ್ ಮಾಡಿದ್ದೀರಿ.

ವಾಸಂತಿ ಫೋನನ್ನು ಗಂಡನ ಮುಂದೆ ಹಿಡಿದಳು. ಅವನು ಓದಿದ. ಮತ್ತೊಮ್ಮೆ ಓದಿದ.

“ಶನಿವಾರದಿಂದ ಬರ್ತಿತ್ತು ರೀ,” ಎಂದಳು. “ನಾನೇ ಕಟ್ ಮಾಡ್ತಿದ್ದೆ.”

“ಸರಿ, ಈಗ ಮಾಡು. ಮೊದ್ಲು ಮಾಡು.”

ವಾಸಂತಿ ಮೈಸೂರಿನ ಸಂಜೆ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿದವಳು. ಇಂಗ್ಲಿಷು ಬರುತ್ತಿತ್ತು, ಆದರೆ ಹೇಳಬೇಕಾದ ವಾಕ್ಯವನ್ನು ಮೊದಲು ತಲೆಯಲ್ಲಿ ಜೋಡಿಸಿಕೊಳ್ಳದೆ ಅವಳಿಗೆ ಧೈರ್ಯ ಬರುತ್ತಿರಲಿಲ್ಲ. ಜೋಡಿಸಿಕೊಂಡ ಮೇಲೆ ಅದನ್ನು ಒಂದೇ ಉಸಿರಿಗೆ ಹೇಳಿಬಿಡಬೇಕು. ನಡುವೆ ನಿಂತರೆ ಕೆಟ್ಟಿತು. ಅದರ ಜೊತೆಗೆ ಚಂಪಾಳ ಮಾತು: ಹೆಸರು ಹೇಳಬೇಡಿ. ಒಂದು ವೇಳೆ ಮಗಳನ್ನು ಹಿಡಿದಿಟ್ಟುಕೊಂಡವರೇ ಫೋನು ಮಾಡುತ್ತಿದ್ದರೆ? ಬ್ಲಾಕ್ ತೆಗೆದಳು. ರಿಂಗಾಯಿತು.

“ಗುಡ್ ಮಾರ್ನಿಂಗ್,” ಎಂದಿತು ಒಂದು ಹೆಂಗಸಿನ ದನಿ. ವಯಸ್ಸಾದ, ಅವಸರವಿಲ್ಲದ ದನಿ.

“ನೀವು ನನ್ನ ನಂಬರಿಗೆ ಫೋನು ಮಾಡಿದ್ದೀರಿ, ನೀವು ಯಾರು, ನಿಮಗೇನು ಬೇಕು, ಮೊದಲು ಅದನ್ನು ಹೇಳಿ,” ಎಂದು ವಾಸಂತಿ ಇಂಗ್ಲಿಷಿನಲ್ಲಿ ಸುರಿದಳು.

ಆ ಕಡೆ ದೂರದಲ್ಲೆಲ್ಲೋ ಕೋಳಿ ಕೂಗಿತು.

“ಗುಡ್ ಮಾರ್ನಿಂಗ್,” ಎಂದಿತು ದನಿ ಮತ್ತೆ, ಈ ಸಲ ಒತ್ತಿ.

“ಹೇಳಿ, ಏನು ಬೇಕು ನಿಮಗೆ?”

ಕರೆ ಕಟ್ಟಾಯಿತು.

ವಾಸಂತಿ ಗಂಡನ ಕಡೆ ತಿರುಗಿದಳು. “ಅವರು ಏನೋ ಮುಚ್ಚಿಡ್ತಿದಾರೆ ರೀ. ಪಕ್ಕದಲ್ಲಿ ಯಾರೋ ನಿಂತ್ಕೊಂಡು ಮಾತಾಡಬೇಡ ಅಂತಿದಾರೆ ಅನ್ಸುತ್ತೆ.”

“ಕೊಡು ಇಲ್ಲಿ.” ವಿಠಲ ತಾನೇ ಮಾಡಿದ. ಕಾರ್ಖಾನೆಯಲ್ಲಿ ಪಾಳಿ ನಡೆಸುವ ದನಿಯಲ್ಲಿ, “ಹೂ ಈಸ್ ದಿಸ್?” ಎಂದ. ಅದೇ ಗುಡ್ ಮಾರ್ನಿಂಗ್. ಅವನು ಇನ್ನೂ ಜೋರಾಗಿ ಕೇಳಿದ. ಮತ್ತೆ ಕರೆ ಕಟ್ಟಾಯಿತು. ಗಂಡ ಹೆಂಡಿರು ಮುಖ ಮುಖ ನೋಡಿಕೊಂಡರು. ವಿಠಲ ಫೋನು ಹಿಂದಕ್ಕೆ ಕೊಟ್ಟ, ಅವಳು ಕುರ್ಚಿಯಲ್ಲಿ ಕೂತಳು.

ಕೂತಲ್ಲೇ ಅವಳಿಗೆ ಮಗಳ ಮಾತು ನೆನಪಾಯಿತು. ದ್ವೀಪಕ್ಕೆ ಹೋದ ಹೊಸದರಲ್ಲಿ ಇಂಚರ ಜಗುಲಿಯಲ್ಲಿ ಕೂತು ಎಲ್ಲ ವರದಿ ಒಪ್ಪಿಸಿದ್ದಳು. “ಅಮ್ಮ, ಇಲ್ಲಿ ಕಾರ್ಡ್ ನಡೆಯಲ್ಲ, ಸಣ್ಣ ನೋಟೇ ಇಟ್ಕೋಬೇಕು. ಬೀಚ್ ಡ್ರೆಸ್ ಹಾಕ್ಕೊಂಡು ಅಂಗಡಿಗೆ ಹೋಗೋ ಹಾಗಿಲ್ಲ, ದೇ ಹೇಟ್ ಇಟ್. ಆಮೇಲೆ ಗುಡ್ ಮಾರ್ನಿಂಗ್ ಹೇಳ್ದೆ ಏನೂ ಕೇಳೋ ಹಾಗಿಲ್ಲ. ನಾನು ವಾಟರ್ ಕೇಳಿದೆ, ಶಾಪ್ ಲೇಡಿ ಸುಮ್ನೆ ನೋಡ್ತಾ ನಿಂತ್ರು, ಆಸ್ ಇಫ್ ನಾನು ಗೋಡೆ. ಅವರ ಲೆಕ್ಕದಲ್ಲಿ ನಾನೇ ಅವರನ್ನ ಮನುಷ್ಯರು ಅಂತ ಎಣಿಸ್ಲಿಲ್ಲ.” ಅದಕ್ಕೆ ವಾಸಂತಿ ಅಂದದ್ದು, ಸಿಕ್ಕ ಸಿಕ್ಕವರಿಗೆಲ್ಲ ಗುಡ್ ಮಾರ್ನಿಂಗ್ ಹೇಳಿಕೊಂಡು ತಿರುಗಬೇಡ, ಗಂಡಸರು ಬೇರೆ ಅರ್ಥ ಮಾಡಿಕೊಳ್ಳುತ್ತಾರೆ, ಎಂದು.

ಮೂರನೆಯ ಸಲ ಅವಳೇ ಮಾಡಿದಳು, ಈ ಸಲ ವಾಕ್ಯ ಜೋಡಿಸಿಕೊಂಡಿರಲಿಲ್ಲ.

“ಗುಡ್ ಮಾರ್ನಿಂಗ್,” ಎಂದಳು, ಆ ದನಿ ಬಾಯಿ ತೆರೆಯುವ ಮೊದಲೇ.

“ಗುಡ್ ಮಾರ್ನಿಂಗ್, ಮೈ ಡಿಯರ್. ಹೇಗಿದ್ದೀರಿ?”

“ಚೆನ್ನಾಗಿದ್ದೇನೆ,” ಎಂದಳು, ಕುರ್ಚಿಯ ಕೈಯನ್ನು ಗಟ್ಟಿಯಾಗಿ ಹಿಡಿದು. “ನೀವು ಹೇಗಿದ್ದೀರಿ?”

“ಮೊಣಕಾಲೊಂದು ಬಿಟ್ಟರೆ ದೇವರ ದಯೆ. ನಾನು ಮಿಸ್ ಯೂಲಾ, ಈ ಗೆಸ್ಟ್‌ಹೌಸ್ ನಡೆಸುವವಳು. ಕನ್ನಡಕವಿಲ್ಲದೆ ನನಗೆ ಪರದೆ ಕಾಣುವುದಿಲ್ಲ, ಯಾರು ಮಾತಾಡುತ್ತಿರುವುದು? ಈಗಷ್ಟೇ ಯಾರೋ ಒರಟರು ಎರಡು ಸಲ ಮಾಡಿ ತಲೆ ತಿಂದರು.”

“ನಾನು ಇಂಚರಳ ತಾಯಿ.”

“ಓ, ಕಡೆಗೂ ಸಿಕ್ಕಿರಿ.” ಮುದುಕಿಯ ದನಿ ಬದಲಾಯಿತು. “ಎಷ್ಟು ಸಲ ಮಾಡಿದೆ ನಿಮಗೆ. ನಿಮ್ಮ ಮಗಳಿಗೆ ಹುಷಾರಿಲ್ಲ.”

ಮಿಸ್ ಯೂಲಾ ಹೇಳಿದ್ದನ್ನು ವಾಸಂತಿ ಅರ್ಧ ಕಿವಿಯಿಂದ, ಅರ್ಧ ಎದೆಯಿಂದ ಕೇಳಿದಳು. ಶುಕ್ರವಾರ ಹವಳದ ಬಂಡೆಗೆ ತಾಗಿ ಹುಡುಗಿಯ ಪಾದ ಸೀಳಿತ್ತು. ಫೋನು ನೀರಿಗೆ ಬಿದ್ದಿತ್ತು. ಏನೂ ಆಗಿಲ್ಲ, ಮುಂದಿನ ದೋಣಿಗೆ ಬರುತ್ತೇನೆ ಎಂದು, ದ್ವೀಪ ಬಿಟ್ಟು ಹೊರಟ ಜೊತೆಯವರನ್ನು ಕಳಿಸಿಬಿಟ್ಟಿದ್ದಳು. ಮರುದಿನ ಕಾಲು ಊದಿ, ಮೈ ಕೆಂಡವಾಗಿ, ಮಾತು ಅಡ್ಡಾದಿಡ್ಡಿಯಾಯಿತು. ಈಗ ಊರಿನ ಕ್ಲಿನಿಕ್ಕಿನಲ್ಲಿ ಮಲಗಿದ್ದಾಳೆ.

“ನರ್ಸ್ ಕೇಳಿದರು, ನಿನಗೆ ಯಾವುದಾದರೂ ಔಷಧಿ ಆಗಿಬರುವುದಿಲ್ಲವೇ ಎಂದು. ಚಿಕ್ಕವಳಿದ್ದಾಗ ಯಾವುದೋ ಇಂಜೆಕ್ಷನ್ ಆಗಲಿಲ್ಲ, ಹೆಸರು ಗೊತ್ತಿಲ್ಲ, ಅಮ್ಮನನ್ನು ಕೇಳಿ ಎಂದಳು. ಅದಕ್ಕೇ ನಿಮ್ಮನ್ನು ಹುಡುಕಿದ್ದು. ಮಾತ್ರೆಯಲ್ಲೇ ತಡೆದುಕೊಂಡು ಬಂದರು. ಇವತ್ತು ಬೆಳಗಿನ ದೋಣಿಗೆ ಡಾಕ್ಟರು ಬಂದಿದ್ದಾರೆ. ಇನ್ನು ಕಾಯುವ ಹಾಗಿಲ್ಲ, ಇಂಜೆಕ್ಷನ್ ಕೊಡಲೇಬೇಕು ಅಂದರಂತೆ.”

“ಪೆನಿಸಿಲಿನ್,” ಎಂದಳು ವಾಸಂತಿ. ದನಿ ಕಿರುಚಾಯಿತು. “ಪೆನಿಸಿಲಿನ್ ಕೊಡಬಾರದು. ದಯವಿಟ್ಟು ಹೇಳಿ ಅವರಿಗೆ.”

ಮೈಸೂರಿನಲ್ಲಿ, ಇಂಚರ ಇನ್ನೂ ತೊದಲುತ್ತಿದ್ದಾಗ, ಒಂದು ಗಂಟಲು ನೋವಿಗೆ ಕೊಟ್ಟ ಇಂಜೆಕ್ಷನ್ನಿಗೆ ಮಗುವಿನ ತುಟಿ ಊದಿ, ಉಸಿರು ಸಿಕ್ಕಿಹಾಕಿಕೊಂಡು, ಮುಖ ನೀಲಿಯಾಗಿತ್ತು. ಜನ್ಮದಲ್ಲಿ ಇದನ್ನು ಇವಳಿಗೆ ಕೊಡಿಸಬೇಡಿ ಎಂದಿದ್ದರು ಡಾಕ್ಟರು. ಅಂದಿನಿಂದ ಎಲ್ಲ ಆಸ್ಪತ್ರೆಯ ಕೌಂಟರಿನಲ್ಲೂ ಮಗಳಿಗಿಂತ ಮುಂಚೆ ವಾಸಂತಿ ನಿಂತು ಆ ಹೆಸರು ಹೇಳಿದ್ದಳು. ಮಗಳಿಗೆ ಮಾತ್ರ ಹೇಳಿರಲಿಲ್ಲ. ತಾನಿಲ್ಲದೆ ಅವಳು ಡಾಕ್ಟರ ಹತ್ತಿರ ಹೋಗುವ ದಿನ ಬರುತ್ತದೆಂದು ಯೋಚಿಸಿಯೇ ಇರಲಿಲ್ಲ.

“ಕ್ಲಿನಿಕ್ಕಿನ ಫೋನು ಕೆಟ್ಟಿದೆ,” ಎಂದಳು ಮಿಸ್ ಯೂಲಾ. “ನಾನೇ ಹೋಗುತ್ತೇನೆ. ಔಷಧಿಯ ಹೆಸರು ನನ್ನ ಬಾಯಲ್ಲಿ ತಪ್ಪಬಾರದು, ನೀವೇ ಹೇಳಿ. ಫೋನು ಇಡಬೇಡಿ.”

ಬಾಗಿಲು ಕಿರುಗುಟ್ಟಿತು. ಚಪ್ಪಲಿ ಎಳೆದುಕೊಂಡು ನಡೆಯುವ ಸದ್ದು, ಗಾಳಿಯ ಸದ್ದು. ವಿಠಲ ಓಡಿ ಹೋಗಿ ಚಾರ್ಜರ್ ತಂದು ಫೋನಿಗೆ ಸಿಕ್ಕಿಸಿದ, ಸ್ಪೀಕರ್ ಹಾಕಿದ. ಇಬ್ಬರೂ ಮೇಜಿನ ಮೇಲೆ ಬಾಗಿ ನಿಂತರು.

“ಗುಡ್ ಮಾರ್ನಿಂಗ್, ಮಿಸ್ ಪರ್ಲ್,” ಎಂದಿತು ಮುದುಕಿಯ ದನಿ.

“ಗುಡ್ ಮಾರ್ನಿಂಗ್, ಮಿಸ್ ಯೂಲಾ. ಮೊಣಕಾಲು ಹೇಗಿದೆ?”

“ಹಾಗೇ ಇದೆ. ಮನೆಯಲ್ಲಿ ಎಲ್ಲ ಸೌಖ್ಯವೇ?”

ವಾಸಂತಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಮತ್ತೆ ಚಪ್ಪಲಿ ಎಳೆಯಿತು. ಮತ್ತೊಂದು ಗುಡ್ ಮಾರ್ನಿಂಗ್, ಇನ್ನೊಂದು. ಯಾರದೋ ಮಗುವಿನ ನಾಮಕರಣದ ವಿಚಾರ. ಡಾಕ್ಟರು ಸಿರಿಂಜಿಗೆ ಔಷಧಿ ಎಳೆಯುತ್ತಿರುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು. ತೋಳಿಗೆ ಹತ್ತಿ ಒರೆಸಿರಬಹುದು. ಈಗ ಚುಚ್ಚಿರಬಹುದು.

“ಬೇಗ ಹೋಗಿ ಅಂತ ಹೇಳೇ,” ಎಂದ ವಿಠಲ ಪಿಸುಗುಟ್ಟಿ.

“ಬೇಡ. ಸುಮ್ನಿರಿ.”

“ಅಲ್ಲಿ ಒಂದೊಂದು ನಿಮಿಷನೂ...”

“ಬೇಡ ಅಂದ್ನಲ್ಲ. ಅವರು ಇಟ್ಬಿಟ್ರೆ ನಮಗ್ಯಾರಿದಾರೆ ಅಲ್ಲಿ?”

ಒಂದು ಗಾಡಿ ನಿಂತ ಸದ್ದು. “ಗುಡ್ ಮಾರ್ನಿಂಗ್, ಮಿಸ್ಟರ್ ಕಾನ್ರಾಡ್.”

“ಗುಡ್ ಮಾರ್ನಿಂಗ್, ಮಿಸ್ ಯೂಲಾ. ಈ ಕಾಲಲ್ಲಿ ಎಲ್ಲಿಗೆ ಹೊರಟಿರಿ?”

“ಕ್ಲಿನಿಕ್ಕಿಗೆ. ಆ ಆಮೆ ಹುಡುಗಿಯ ತಾಯಿ ಲೈನಿನಲ್ಲಿದ್ದಾರೆ. ಡಾಕ್ಟರಿಗೆ ಏನೋ ಹೇಳಬೇಕಂತೆ, ಇಂಜೆಕ್ಷನ್ನಿಗೆ ಮೊದಲು.”

“ಹತ್ತಿ ಮತ್ತೆ. ನಡೆಯುತ್ತ ಯಾವಾಗ ಮುಟ್ಟುತ್ತೀರಿ?” ಬಾಗಿಲು ಬಡಿಯಿತು. ಗಂಡಸಿನ ದನಿ ಹತ್ತಿರ ಬಂತು. “ಗುಡ್ ಮಾರ್ನಿಂಗ್, ಮೇಡಂ.”

“ಗುಡ್ ಮಾರ್ನಿಂಗ್,” ಎಂದಳು ವಾಸಂತಿ. ಎಂದವಳ ಕಣ್ಣಿಂದ ನೀರು ಇಳಿಯಿತು.

ಗಾಡಿ ಗುಂಡಿಗಳನ್ನು ಹಾರಿಸಿಕೊಂಡು ಓಡಿತು. ಒಮ್ಮೆ ಸದ್ದೆಲ್ಲ ಅಡಗಿ ಪರದೆ ಮಂಕಾದಾಗ ವಿಠಲ ದೇವರ ಹೆಸರು ಹೇಳಿದ್ದು ಕೇಳಿಸಿತು. ಆಮೇಲೆ ಇಂಜಿನ್ನಿನ ಸದ್ದು ಮರಳಿ ಬಂತು. ಬ್ರೇಕು. ಮೆಟ್ಟಿಲು. ಪ್ರತಿಧ್ವನಿಸುವ ಕೋಣೆ. ಎಲ್ಲರಿಗೂ ಗುಡ್ ಮಾರ್ನಿಂಗ್. ಕೊನೆಗೆ ಇನ್ನೊಂದು ಹೆಂಗಸಿನ ದನಿ.

“ಗುಡ್ ಮಾರ್ನಿಂಗ್, ಮದರ್. ನಾನು ನರ್ಸ್.”

“ಗುಡ್ ಮಾರ್ನಿಂಗ್, ಸಿಸ್ಟರ್. ಪೆನಿಸಿಲಿನ್. ನನ್ನ ಮಗಳಿಗೆ ಪೆನಿಸಿಲಿನ್ ಕೊಡಬಾರದು. ಉಸಿರು ನಿಲ್ಲುತ್ತದೆ. ಕೊಟ್ಟಿಲ್ಲ ತಾನೆ?”

ವಾಸಂತಿ ಕಿವಿಯನ್ನು ಫೋನಿಗೆ ಇನ್ನೂ ಹತ್ತಿರ ತಂದಳು.

“ಡಾಕ್ಟರ್, ಪೆನಿಸಿಲಿನ್ ಬೇಡ,” ಎಂದಿತು ನರ್ಸಿನ ದನಿ, ಫೋನಿನಿಂದ ದೂರ ತಿರುಗಿ. ಯಾರೋ ಏನೋ ಕೇಳಿದರು. ಲೋಹದ ತಟ್ಟೆಯಲ್ಲಿ ಏನನ್ನೋ ಇಟ್ಟ ಸದ್ದಾಯಿತು. “ಕೊಟ್ಟಿಲ್ಲ, ಮದರ್. ಈಗ ಕೊಡುವವರಿದ್ದರು. ಬೇರೆ ಔಷಧಿ ಇದೆ, ಅದನ್ನು ಹಾಕುತ್ತಾರೆ. ಜ್ವರ ಇನ್ನೂ ಇದೆ, ಎರಡು ದಿನ ಕಳೆಯದೆ ನಾನು ಏನೂ ಹೇಳುವುದಿಲ್ಲ. ಮಾತಾಡುತ್ತೀರಾ? ಸ್ವಲ್ಪ ಹೊತ್ತು ಮಾತ್ರ.”

ಸೆರಗು ಬಾಯಿಗೊತ್ತಿಕೊಂಡು ವಾಸಂತಿ ತಲೆಯಾಡಿಸಿದಳು, ಅದು ಆ ಕಡೆಗೆ ಕಾಣುವುದಿಲ್ಲವೆಂಬುದನ್ನು ಮರೆತು. ವಿಠಲ “ಎಸ್, ಎಸ್ ಪ್ಲೀಸ್” ಎಂದ.

“ಅಮ್ಮ.” ದನಿ ಬಹಳ ಸಣ್ಣದಾಗಿತ್ತು, ಒಣಗಿತ್ತು.

“ಇಂಚು. ಇಂಚು, ಇಲ್ಲೇ ಇದೀನಿ ಪುಟ್ಟ.”

“ಮಿಸ್ ಯೂಲಾ ಡೈಲಿ ಟ್ರೈ ಮಾಡಿದ್ರು. ನಾನು ಹೇಳ್ದೆ, ಅಮ್ಮ ಅನ್‌ನೋನ್ ನಂಬರ್ ಎತ್ತಲ್ಲ ಅಂತ.”

“ಅಪ್ಪನ ನಂಬರ್ ಕೊಡ್ಬೇಕಿತ್ತಲ್ಲ ಮರಿ,” ಎಂದಳು ವಾಸಂತಿ, ತನಗೇ ಬೇಸರವಾಗುವಂತೆ.

“ಬೈಹಾರ್ಟ್ ಇರೋದು ನಿಂದೊಂದೇ,” ಎಂದಳು ಇಂಚರ. “ಸ್ಟಾಂಡರ್ಡ್ ಒನ್‌ನಲ್ಲಿ ನೀನೇ ಹೇಳ್ಕೊಟ್ಟಿದ್ದಲ್ಲ, ಕಳ್ದುಹೋದ್ರೆ ಬೇಕಾಗುತ್ತೆ ಅಂತ.”

ನರ್ಸ್ ಫೋನು ಹಿಂದಕ್ಕೆ ತೆಗೆದುಕೊಂಡರು. ಸಂಜೆ ಮತ್ತೆ ಮಾಡಿಸುತ್ತೇನೆ, ಇದೇ ನಂಬರಿನಿಂದ, ಎಂದರು. ಅವರ ಸಂಜೆ ಎಂದರೆ ಇಲ್ಲಿ ನಾಳೆ ಬೆಳಗ್ಗೆ. ವಾಸಂತಿ ಹೂಂ ಎಂದಳು, ಮಿಸ್ ಯೂಲಾಗೆ ಕೊಡಿ ಎಂದು ಕೇಳಿದಳು. ಆದರೆ ಅಷ್ಟರಲ್ಲಿ ಲೈನು ಹೋಗಿತ್ತು.

ವಿಠಲ ನಿಧಾನವಾಗಿ ಕೂತ. ರೋಟಿ ಚನಾಯ್ ಪೊಟ್ಟಣ ಹಾಗೇ ಆರಿ ತಣ್ಣಗಾಗಿತ್ತು. ವಾಸಂತಿ ಫೋನಿನ ಗಂಟೆಯ ಸದ್ದನ್ನು ಪೂರ್ತಿ ಏರಿಸಿ, ಎದುರಿಗಿಟ್ಟುಕೊಂಡು ಕೂತಳು. ಸ್ವಲ್ಪ ಹೊತ್ತಿಗೆ ಅದು ಬಡಿದುಕೊಂಡಿತು. ಹೆಸರಿಲ್ಲ. ಕೌಲಾಲಂಪುರದ ಯಾವುದೋ ಗುರುತಿಲ್ಲದ ನಂಬರು. ಗಂಡ ನೋಡುತ್ತಿದ್ದಂತೆ ಅವಳು ಮೊದಲ ಗಂಟೆಗೇ ಎತ್ತಿ ಕಿವಿಗಿಟ್ಟುಕೊಂಡಳು.