ಕೊಳವೆಯ ಆಚೆ, ಈಚೆ

ಬಾದನಹಟ್ಟಿಯ ಹೊಲದ ಮೂಲೆಯಲ್ಲಿ ಮೊದಲ ಗುದ್ದಲಿ ಬಿದ್ದದ್ದೇ ತಡ, ಪೈಪ್‌ಲೈನ್ ಕಾಯುವ ಚಿನ್ನಪ್ಪ ಬದುವಿನ ಮೇಲಿಂದ ಓಡಿಬಂದ.

"ನಿಲ್ಲಸ್ರಿ! ಇಲ್ಲಿ ಕುಣಿ ತೋಡಂಗಿಲ್ಲ. ಕೆಳಗ ಡೀಸೆಲ್ ಹರೀತೈತಿ."

ಬಾಳೆಕಂದು ಕಟ್ಟಿದ ವಿಮಾನದಲ್ಲಿ ದೊಡ್ಡಬಸಪ್ಪನ ಹೆಣ ಹಣೆತುಂಬ ವಿಭೂತಿ ಹೊತ್ತು ಕುಳಿತಿತ್ತು. ಎದುರಿಗೇ ಹೆಂಡತಿ ಚನ್ನವೀರಮ್ಮನ ಸಮಾಧಿ. ಅದರ ಎಡಕ್ಕೂ ಹಿಂದಕ್ಕೂ ಕಾಲುವೆ. ಬಲಮಗ್ಗುಲಿಗೆ ತನ್ನನ್ನು ಕೂಡಿಸಬೇಕೆಂದು ಅವನು ಮಗಳು ಅರುಣಾಳಿಂದ ಭಾಷೆ ತೆಗೆದುಕೊಂಡಿದ್ದ.

"ಯಾರ ಹೊಲಾನೋ ಇದು?" ಅರುಣಾ ಕೇಳಿದಳು.

"ಹೊಲ ನಿಮ್ಮದ ಅಕ್ಕಾರ. ನೆಲದೊಳಗಿನ ಹಕ್ಕು ಕಂಪನೀದು. ಬೆಳಿ ಬೆಳೀರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಬಾವಿ, ಗಿಡ, ಕುಣಿ ಮಾತ್ರ ಇಲ್ಲ. ದೇಶದ ಆಸ್ತಿ ಐತ್ರಿ."

"ನಮ್ಮಪ್ಪ ಈ ದೇಶದಾವ ಅಲ್ಲೇನು?"

ಪರದೇಶದವರ ಎಣ್ಣೆ ಕಂಪನಿಯನ್ನು ಸರಕಾರ ತನ್ನದಾಗಿಸಿಕೊಂಡ ವರ್ಷವೇ ದೊಡ್ಡಬಸಪ್ಪ ಬಳ್ಳಾರಿಯಲ್ಲಿ ಚಾಲಕನಾಗಿ ಅದರ ಟ್ಯಾಂಕರ್ ಹತ್ತಿದ್ದ. ಬಾಗಿಲ ಮೇಲಿನ ಹೊಸ ಹೆಸರಿಗೆ ವಿಭೂತಿ ಬಳಿದು, "ಇನ್ನ ಇದು ನಮ್ಮ ಕಂಪನಿ" ಎಂದು ಪೇಡೆ ಹಂಚಿದವನು. ತುಂಗಭದ್ರೆ ಉಕ್ಕಿ ಸಿರುಗುಪ್ಪದ ದಾರಿ ಮುಳುಗಿದಾಗಲೂ ಸುತ್ತುಹಾದಿ ಹಿಡಿದು ಬಂಕಿಗೆ ಎಣ್ಣೆ ಮುಟ್ಟಿಸಿದವನು. ಕೊಳವೆಗೆ ಜಾಗ ಕೇಳಿ ಬಂದಾಗ ಊರೆಲ್ಲ ಗೊಣಗಿದರೆ, ಮೊದಲು ಒಪ್ಪಿದವನೂ ಅವನೇ.

"ಲೈನು ಸೊಟ್ಟ ಆಗಿದ್ದು ನಿಮ್ಮ ಅಪ್ಪಾರಿಂದನ ನೋಡ್ರಿ," ಚಿನ್ನಪ್ಪ ಕೊಳವೆಯ ಗುರುತಿಗೆ ನೆಟ್ಟ ಹಳದಿ ಕಲ್ಲು ತೋರಿಸಿದ. "'ನನ್ನ ಹೆಂಡತೀನ ಮುಟ್ಟಬ್ಯಾಡ್ರಿ' ಅಂತ ತಾವ ಸುಣ್ಣದ ಗೆರಿ ಹಾಕಿ ಕೊಟ್ರು. ಅವ್ವಾರ ಸಮಾಧಿ ಬಲಮಗ್ಗಲಿಗೆ."

ಹೆಂಡತಿಯ ಜಾಗ ಉಳಿಸಿದವನು ತನ್ನ ಜಾಗ ಮರೆತಿದ್ದ. ಅರುಣಾಳ ಸಿಟ್ಟು ಚಿನ್ನಪ್ಪನನ್ನು ದಾಟಿ, ಕಂಪನಿಯನ್ನು ದಾಟಿ, ವಿಮಾನದ ತನಕ ಹೋಯಿತು.

"ಎಷ್ಟ ದೊಡ್ಡ ಮನಸಪ್ಪಾ ನಿಂದು! ಎಲ್ಲಾ ಕೊಟ್ಟಿ, ನಿನಗ ಕುಂದ್ರಾಕ ಒಂದ ಮೊಳ ಇಟಗೊಳ್ಳಲಿಲ್ಲ!"

ಕುರುಗೋಡಿನಿಂದ ಬಂದಿದ್ದ ಪಾಲಯ್ಯ ಅಯ್ಯನವರು ವಚನ ಹೇಳುವುದನ್ನು ನಿಲ್ಲಿಸಿದರು. "ಹೊತ್ತು ಇಳೀತು, ತಾಯಿ. ಎಲ್ಲಿ ಕೂಡಿಸಿದ್ರೂ ನೆಲ ಶಿವನದ."

"ಶಿವನದು ಅಲ್ರಿ ಅಯ್ನೋರ, ಕಂಪನೀದು! ಈಗ ಚಿನ್ನಪ್ಪ ಹೇಳಿದ್ನಲ್ಲ, ಕೇಳಲಿಲ್ಲೇನು?"

ಅವಳು ಗುದ್ದಲಿ ಕಸಿದುಕೊಂಡು, ಹಳದಿ ಕಲ್ಲುಗಳನ್ನು ದಾಟಿ, ಕೊಳವೆಯ ಆಚೆ ನಿಂತು ತಾನೇ ನೆಲಕ್ಕೆ ಮೊದಲ ಏಟು ಹಾಕಿದಳು.

"ಇಲ್ಲಿ ತೋಡ್ರಿ."

ಕುಣಿ ಸಿದ್ಧವಾಯಿತು. ನಾಲ್ವರು ವಿಮಾನಕ್ಕೆ ಹೆಗಲು ಕೊಡಲು ಬಂದರು. ಅರುಣಾ ಕೈ ಅಡ್ಡ ಹಿಡಿದಳು.

"ಚಿನ್ನಪ್ಪ, ದಿನಾ ಲೈನು ನೋಡಾಕ ಬರ್ತಿ. ಇವತ್ತಿಂದ ಗಂಡ ಹೆಂಡತಿ ನಡುವ ನಡೀತಿ. ಬೂಟ ಬಿಚ್ಚು."

ಅವನು ಕಂಪನಿ ಕೊಟ್ಟ ಬೂಟು ನೋಡಿಕೊಂಡ, ಜನರನ್ನು ನೋಡಿದ.

ಅವನು ಬಗ್ಗಿ ಲೇಸು ಬಿಚ್ಚುವ ತನಕ ಅವಳು ಅಪ್ಪನನ್ನು ಎತ್ತಗೊಡಲಿಲ್ಲ.