ಬಣ್ಣದ ಮನೆಯ ಬಿಳಿ ಪುಡಿ

ಇಳಕಲ್ಲಿಗೆ ಪರದೇಶದ ನೀಲಿ ಬಣ್ಣ ಆಗಷ್ಟೇ ಬರತೊಡಗಿತ್ತು. ಅದರ ಜೊತೆಗೆ ಬಂದದ್ದು ಕಾಸ್ಟಿಕ್ ಸೋಡಾ ಎಂಬ ಬಿಳಿ ಪುಡಿ. ಸೀರೆಯ ನೂಲಿಗೆ ಬಣ್ಣ ಹಾಕುವ ಮೀರಾಸಾಬನಿಗೆ ಈ ಪುಡಿ ಬಹಳ ಹಿಡಿಸಿತು. ಸುಣ್ಣ ಹಾಕಿ ಬಣ್ಣ ಹದಕ್ಕೆ ಬರುವವರೆಗೆ ಕಾಯುವುದು ತಪ್ಪಿತ್ತು. ಅಂಗೈ ಸುಲಿದು, ಬೆರಳ ಸಂದಿಯಲ್ಲಿ ಹುಣ್ಣಾದರೂ ಅವನು ಲಕ್ಷ್ಯ ಕೊಡಲಿಲ್ಲ.

ಪಕ್ಕದ ಮನೆಯ ಸತ್ಯವ್ವ ದವಾಖಾನೆಯಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವವಳು. ಒಂದು ದಿನ ಒಲೆಯ ಕೆಂಡ ಕೇಳಲು ಬಂದವಳು, ಉಪ್ಪಿನ ಗಡಿಗೆಯ ಪಕ್ಕ ಆ ಪುಡಿಯ ಗಡಿಗೆಯನ್ನು ಕಂಡು ಗಾಬರಿಯಾದಳು.

"ಶಹರಬಾನು, ಇದನ್ನ ಇಲ್ಲ್ಯಾಕ ಇಟ್ಟೀ? ಉಪ್ಪಂತ ಹುಡುಗ್ರು ಬಾಯಾಗ ಹಾಕ್ಕೊಂಡ್ರ ಗಂಟಲಾ ಕರುಳಾ ಎಲ್ಲಾ ಸುಟ್ಟು ಹೋಗ್ತಾವ!"

"ಹೊರಗಿಟ್ರ ಥಂಡಿಗೆ ಗಟ್ಟಿ ಆಗ್ತೈತಂತ ಇವರ ಇಟ್ಟಾರ್ರಿ ಯಕ್ಕಾ," ಎಂದಳು ಮೀರಾಸಾಬನ ಹೆಂಡತಿ ಶಹರಬಾನು.

ಮೀರಾಸಾಬ ನಕ್ಕ. "ಸುಣ್ಣದಾಗ ಕೈ ಅದ್ದಿ ಬೆಳೆದವ್ರು ನಾವು. ಈ ಪುಡಿ ನಮಗೇನ್ ಮಾಡ್ತೈತಿ?"

"ಇದು ಸುಣ್ಣಕ್ಕಿಂತ ಭಾಳ ಕೆಟ್ಟದ್ದೈತಿ ಅಣ್ಣಾ. ಪುಡಿ ಮ್ಯಾಲ ನೀರು ಹಾಕಿದ್ರ ಕುದ್ದು ಸಿಡಿತೈತಿ. ಮೊದಲ ತಣ್ಣೀರು ತಗೋ, ಅದರಾಗ ಸ್ವಲ್ಪ ಸ್ವಲ್ಪ ಪುಡಿ ಬಿಡು. ಮುಖ ದೂರ ಇರ್ಲಿ."

"ಆತ್ ಬಿಡ ಯಕ್ಕಾ," ಎಂದ ಮೀರಾಸಾಬ.

ಶಹರಬಾನು ಪುಡಿಯ ಗಡಿಗೆಯನ್ನು ಅಟ್ಟಕ್ಕೆ ಏರಿಸಿದಳು. ಮೀರಾಸಾಬ ಮಾತ್ರ ಪುಡಿಯ ಮೇಲೆ ನೀರು ಸುರಿಯುವ ತನ್ನ ರೂಢಿ ಬಿಡಲಿಲ್ಲ.

ಹುನಗುಂದದ ಮದುವೆ ಮನೆಯವರು ಸೀರೆಗೆ ಅವಸರ ಮಾಡುತ್ತಿದ್ದರು. ಪುಡಿ ತಳದಲ್ಲಿ ಗಟ್ಟಿಯಾಗಿತ್ತು. ಕರಗಲೆಂದು ಮೀರಾಸಾಬ ಗಡಿಗೆಯ ಮೇಲೆ ಬಗ್ಗಿ ಬಿಸಿನೀರು ಸುರಿದ. ಅದು ಕೊತಕೊತ ಕುದ್ದು ಮುಖಕ್ಕೆ ಸಿಡಿಯಿತು.

"ಯಾ ಅಲ್ಲಾ! ಕಣ್ಣು! ಕಣ್ಣು ಸುಡಾಕತ್ತಾವ!"

ಶಹರಬಾನು ಓಡಿಬಂದು ಎರಡೂ ಕಣ್ಣಿಗೆ ಬೆಣ್ಣೆ ತುಂಬಿ ಬಟ್ಟೆ ಕಟ್ಟಿದಳು. ಅವನು ಚೀರುತ್ತಿದ್ದ. ಅವಳು ತಲೆಯನ್ನು ಮಡಿಲಲ್ಲಿ ಬಿಗಿಯಾಗಿ ಹಿಡಿದು ಕೂತಳು. ಸತ್ಯವ್ವ ಬರುವ ಹೊತ್ತಿಗೆ ಬಹಳ ತಡವಾಗಿತ್ತು. ಅವಳು ಬಟ್ಟೆ ಕಿತ್ತೆಸೆದು ಕೊಡಗಟ್ಟಲೆ ನೀರು ಹೊಯ್ದು, ಅವನನ್ನು ದವಾಖಾನೆಗೆ ಕರೆದೊಯ್ದಳು.

"ಸಿಡಿದ ಕೂಡ್ಲೇ ತೊಳದಿದ್ರ ಒಂದ್ ಕಣ್ಣರ ಉಳಿತಿತ್ತೋ ಏನೋ," ಎಂದರು ಡಾಕ್ಟರು.

ಶಹರಬಾನು ಆ ಮಾತನ್ನು ಮರೆಯಲಿಲ್ಲ. "ಹರವಿ ತುಂಬ ನೀರಿತ್ತಲ್ಲ ಯಕ್ಕಾ. ನಾ ಬೆಣ್ಣಿ ಹಚ್ಚಿದ್ನಲ್ಲ!" ಎಂದು ಅಳುತ್ತಾಳೆ.

"ಕಣ್ಣಿಗೆ ಬಿದ್ರ ಏನ್ ಮಾಡ್ಬೇಕಂತ ನಾನರ ಎಲ್ಲಿ ಹೇಳಿದ್ದೆ?" ಎನ್ನುತ್ತಾಳೆ ಸತ್ಯವ್ವ.

ಈಗ ಬಣ್ಣ ಹಾಕುವವನು ಮೀರಾಸಾಬನ ತಮ್ಮ ಮುರ್ತುಜಸಾಬ. ಮೂಗು ಬಾಯಿಗೆ ಬಟ್ಟೆ ಕಟ್ಟಿ, ತಣ್ಣೀರಿಗೆ ಪುಡಿ ಬಿಟ್ಟು, ಉದ್ದ ಕಟ್ಟಿಗೆಯಿಂದ ತಿರುವುತ್ತಾನೆ. ಬಣ್ಣದ ಹರವಿಯಿಂದ ತೆಗೆದ ಹಸಿರು ನೂಲು ಗಾಳಿಗೆ ಹಿಡಿದರೆ ನೀಲಿಯಾಗುತ್ತದೆ. ಮೀರಾಸಾಬ ಗೋಡೆಗೆ ಒರಗಿ ಕೇಳುತ್ತಾನೆ: "ನೀಲಿ ಆತೇನೋ?"

"ಆತು ಅಣ್ಣಾ."

"ಚಂದ ಬಂದೈತೇನು?"

ತಮ್ಮ ಆ ನೂಲನ್ನು ಗಳಕ್ಕೆ ಹಾಕಿ, ಮುಂದಿನ ಲಡಿಯನ್ನು ಅದ್ದುತ್ತಾನೆ.

ಬಣ್ಣದ ಕೆಲಸದ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ, ಈ ಪುಡಿಗೆ ನೀರು ಸುರಿಯಬೇಡಿ, ತಣ್ಣೀರಿಗೇ ಪುಡಿ ಹಾಕಿ. ಅಡುಗೆಮನೆಯಲ್ಲಿ ಇಡಬೇಡಿ, ಬರಿಗೈಯಿಂದ ಮುಟ್ಟಬೇಡಿ. ಕಣ್ಣಿಗೆ ಸಿಡಿದರೆ ಎಣ್ಣೆ ಬೆಣ್ಣೆ ಹಚ್ಚದೆ, ಆ ಕ್ಷಣವೇ ಶುದ್ಧ ನೀರನ್ನು ಬಹಳ ಹೊತ್ತು ಹೊಯ್ಯಿರಿ, ಆಮೇಲೆ ದವಾಖಾನೆಗೆ ಓಡಿ. ಓದಲು ಬಾರದ ನೆರೆಯವರಿಗೆ ಇದನ್ನು ಇವತ್ತೇ ಓದಿ ಹೇಳಿ. ಮೀರಾಸಾಬನಿಗಂತೂ ಇನ್ನು ಇದರಿಂದ ಏನೂ ಪ್ರಯೋಜನವಿಲ್ಲ.